ನಾನು ತಿಕ್ಕಿ ಬೆಳಗಿದ ಬಾಣಲೆ

ಚೀನಾಕ್ಕೆ ಹೋಗಿಬಂದವಳು ಎಂದು ಗೊತ್ತಾದ ಕೂಡಲೇ ಕೊಟ್ಟೂರಿನಲ್ಲಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: “ಅಲ್ಲಿ ಏನ್ ಉಂಡ್ರಿ?” ಮಹಾಗೋಡೆ ನೋಡಿದಿರಾ, ರೈಲು ಹತ್ತಿದಿರಾ ಎಂದು ಯಾರೂ ಕೇಳುವುದಿಲ್ಲ. ಹಾವು, ಜಿರಳೆ ಎಂದು ಏನಾದರೂ ಹೇಳಲಿ ಎಂಬ ಆಸೆ ಅವರ ಮುಖದಲ್ಲೇ ಕಾಣುತ್ತದೆ. ನಾವು ಉಂಡಿದ್ದು ಅನ್ನ, ಸೊಪ್ಪು, ಬೀನ್ಸು, ತೋಫು. ಅಲ್ಲಿ ಏನು ಉಂಡೆ ಎನ್ನುವುದಕ್ಕಿಂತ ಏನು ತೊಳೆದೆ ಎನ್ನುವುದೇ ದೊಡ್ಡ ಕಥೆ. ಅದನ್ನು ಇದ್ದದ್ದು ಇದ್ದಹಾಗೆ ಬಾಯಿಬಿಟ್ಟು ಹೇಳಲು ನನಗೆ ನಾಚಿಕೆ. ಬರೆದಾದರೂ ಮುಗಿಸೋಣ ಎಂದು ಕೂತಿದ್ದೇನೆ.

ಹೊರಡುವ ಮೊದಲು

ನಮ್ಮದು ರೊಟ್ಟಿಯ ಉದ್ಯೋಗ. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಏಳು ಜನ ಹೆಂಗಸರು ಜೋಳದ ರೊಟ್ಟಿ ಬಡಿಯುತ್ತಾರೆ. ಖಡಕ್ ರೊಟ್ಟಿ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಯ ಖಾನಾವಳಿಗಳಿಗೆ ಹೋಗುತ್ತದೆ. ಮದುವೆ ಸೀಸನ್ನಿನಲ್ಲಿ ಹರಪನಹಳ್ಳಿಯವರೂ ಬಂದು ಗಂಟು ಕಟ್ಟಿಸಿಕೊಂಡು ಒಯ್ಯುತ್ತಾರೆ. ನಮ್ಮ ಯಜಮಾನರು ಒಂದು ದಿನ ಮೊಬೈಲಿನಲ್ಲಿ ಚೀನಾದ ರೊಟ್ಟಿ ಯಂತ್ರದ ವಿಡಿಯೊ ನೋಡಿದರು. ಹಿಟ್ಟಿನುಂಡೆ ಹಾಕಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ರೊಟ್ಟಿ. ಅಂದಿನಿಂದ ಆ ಕಂಪನಿಯ ಲಿನ್ ಎಂಬ ಹೆಣ್ಣುಮಗಳ ಜೊತೆ ಆರು ತಿಂಗಳು ಮಾತೋ ಮಾತು. ಇವರು ಕನ್ನಡದಲ್ಲಿ ಹೇಳುವುದು, ಮೊಬೈಲು ಅದನ್ನು ಚೀನೀ ಭಾಷೆಗೆ ತಿರುಗಿಸುವುದು. ಆಕೆ ಹೇಳಿದ್ದು ಪಾಠಪುಸ್ತಕದ ಕನ್ನಡದಲ್ಲಿ ವಾಪಸ್ಸು ಬರುವುದು.

“ಯಂತ್ರ ನೋಡಾಕ ನೀವ್ ಹೋಗ್ರಿ, ನಾ ಯಾಕ?” ಎಂದೆ.

“ರೊಟ್ಟಿ ಚಲೋ ಆತೋ ಇಲ್ಲೋ ನೋಡಾಕ ನೀನ ಬೇಕು. ನನಗ ತಿನ್ನಾಕಷ್ಟ ಬರತೈತಿ” ಎಂದರು.

ಲಿನ್ ನಮಗೆ ಹೋಟೆಲು ಬೇಡವೆಂದಳು. ಮಾಂಸ ಮುಟ್ಟದವರಿಗೆ ಅಲ್ಲಿ ಊಟ ಕಷ್ಟ, ನಮ್ಮ ಮನೆಯಲ್ಲೇ ಇರಿ, ನನ್ನ ತಾಯಿ ಅಡುಗೆ ಮಾಡುತ್ತಾಳೆ ಎಂದಳು. ನಾನು ಎರಡು ಡಜನ್ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದು ಚೀಲ ಮಂಡಕ್ಕಿ, ಬಾಯಿ ಕೆಟ್ಟರೆ ಇರಲಿ ಎಂದು ಒಂದು ಉಂಡೆ ಹುಣಸೆಹಣ್ಣು ಕಟ್ಟಿಕೊಂಡೆ. ಅವರ ಮನೆಯಲ್ಲಿ ಉಣ್ಣದೆ ಐದು ದಿನ ತಳ್ಳುವ ಲೆಕ್ಕ ನನ್ನದು. ಯಜಮಾನರಿಗೆ ಅದನ್ನು ಹೇಳಲಿಲ್ಲ.

ಹನ್ನೊಂದನೇ ಮಹಡಿ

ಗ್ವಾಂಗ್‌ಝೌ ಹತ್ತಿರದ ಒಂದು ಊರು. ಊರು ಅಂದರೆ ಅವರ ಲೆಕ್ಕದಲ್ಲಿ ಊರು. ನಮ್ಮ ಐದು ತಾಲೂಕು ಒಟ್ಟು ಹಾಕಿದರೂ ಅಷ್ಟು ಮನೆ ಆಗುವುದಿಲ್ಲ. ಲಿನ್‌ಳ ಮನೆ ಹನ್ನೊಂದನೇ ಮಹಡಿಯಲ್ಲಿತ್ತು. ಬಾಗಿಲಲ್ಲಿ ಚಪ್ಪಲಿ ಬಿಡಿಸಿದರು. ಇದು ನಮ್ಮ ಹಾಗೇ ಎಂದುಕೊಳ್ಳುವಷ್ಟರಲ್ಲಿ ಒಳಗೆ ಹಾಕಿಕೊಳ್ಳಲು ಬೇರೆ ಚಪ್ಪಲಿ ಕೊಟ್ಟರು. ಯಜಮಾನರ ಅರ್ಧ ಪಾದ ಹಿಂದೆಯೇ ಉಳಿಯಿತು. ಐದು ದಿನ ಅವರು ತುದಿಗಾಲಲ್ಲೇ ಓಡಾಡಿದರು.

ಲಿನ್‌ಳ ತಾಯಿಗೆ ಅರವತ್ತೈದರ ಮೇಲಾಗಿರಬೇಕು. ಗಿಡ್ಡ ಹೆಂಗಸು, ಬಿಳಿ ಕ್ರಾಪು, ಒಂದು ನಿಮಿಷ ಕೂರುವವಳಲ್ಲ. ನಾನು ಆಕೆಯನ್ನು “ಅವ್ವ” ಎಂದೆ. ಆಕೆಗೆ ಅರ್ಥ ಗೊತ್ತಾದ ಮೇಲೆ ನಾನು ಕರೆಯದಿದ್ದರೂ “ಹ್ಞಾ” ಎಂದು ತಿರುಗುತ್ತಿದ್ದಳು. ಹೋದ ತಕ್ಷಣ ಕೈಗೆ ಬಿಸಿನೀರು ಕೊಟ್ಟಳು. ಮುಂದೆಯೂ ಅಷ್ಟೇ: ಬಾಯಾರಿದರೂ ಬಿಸಿನೀರು, ಉಂಡರೂ ಬಿಸಿನೀರು. ನಮ್ಮಲ್ಲಿ ಬಾಣಂತಿಗೂ ಇಷ್ಟು ಕುಡಿಸುವುದಿಲ್ಲ.

ಸಂಜೆ ಆಕೆ ಅಡುಗೆಗೆ ನಿಂತಳು. ದೊಡ್ಡ ಕಬ್ಬಿಣದ ಬಾಣಲೆ. ನಮ್ಮ ಬಾಣಲೆಗಿಂತ ತೆಳು, ತಳ ಗುಂಡು, ಒಂದು ಕಡೆ ಉದ್ದ ಹಿಡಿಕೆ. ಒಳಗೂ ಹೊರಗೂ ಕಾಡಿಗೆಯಷ್ಟು ಕಪ್ಪು. ಸ್ಟೋವಿನ ಉರಿ ಬಾಣಲೆಯ ಅಂಚು ದಾಟಿ ಏಳುತ್ತಿತ್ತು. ಎಣ್ಣೆ, ಶುಂಠಿ, ಸೊಪ್ಪು. ಆಕೆ ಬಾಣಲೆಯನ್ನು ಎಳೆದು ಎಸೆದು ಎಳೆದು ಎಸೆದು ಮಾಡುವಷ್ಟರಲ್ಲಿ ಪಲ್ಯ ಆಗಿಯೇ ಹೋಗಿತ್ತು. ನಮ್ಮ ಬಸ್‌ಸ್ಟ್ಯಾಂಡಿನ ಗೋಬಿ ಮಂಚೂರಿ ಗಾಡಿಯವನು ಮಾಡುವುದು ಇದರದ್ದೇ ನಕಲು ಎಂದು ತಿಳಿಯಿತು. ಅವನು ಹಾಕುವ ಕೆಂಪು ಬಣ್ಣ ಮಾತ್ರ ಇಲ್ಲಿ ಯಾರಿಗೂ ಗೊತ್ತಿಲ್ಲ.

ಆಮೇಲೆ ಆಕೆ ಬಾಣಲೆಗೆ ಬಿಸಿನೀರು ಹೊಯ್ದಳು, ಬಿದಿರಿನ ಕಡ್ಡಿಯ ಪೊರಕೆಯಂಥದ್ದರಿಂದ ಎರಡು ಸುತ್ತು ಆಡಿಸಿದಳು, ನೀರು ಚೆಲ್ಲಿ ಉರಿಯ ಮೇಲೆ ಒಣಗಿಸಿ ಒಂದು ಹನಿ ಎಣ್ಣೆ ಸವರಿ ಗೋಡೆಗೆ ನೇತುಹಾಕಿದಳು. ಸೋಪಿಲ್ಲ, ಏನಿಲ್ಲ.

ಹಾಗಾದರೆ ಆ ಕಪ್ಪಿನಲ್ಲಿ ಎಷ್ಟು ವರ್ಷದ್ದು, ಏನೇನು ಇರಬಹುದು? ನಾನು ಪಲ್ಯವನ್ನು ತಟ್ಟೆಯ ಬದಿಗೆ ಸರಿಸಿ ಅನ್ನಕ್ಕೆ ಚಟ್ನಿಪುಡಿ ಕಲಸಿಕೊಂಡೆ. ಅವ್ವ ನೋಡಿದಳು, ಮರುದಿನ ಇನ್ನೂ ಹೆಚ್ಚು ಪಲ್ಯ ಮಾಡಿದಳು.

ಎರಡನೇ ದಿನ, ಯಂತ್ರ ಮತ್ತು ಸಂತೆ

ಯಂತ್ರ ನಮ್ಮ ಜೋಳದ ಹಿಟ್ಟಿಗೆ ಒಲಿಯಲಿಲ್ಲ. ಗೋಧಿಯದು ಹಾಳೆಯಂತೆ ಬಂತು, ಜೋಳದ್ದು ಅಂಚೆಲ್ಲ ಸೀಳಿ ಚಕ್ಕೆಚಕ್ಕೆಯಾಗಿ ಬಿತ್ತು. ಕಂಪನಿಯ ಎಂಜಿನಿಯರು ತಲೆ ಕೆರೆದುಕೊಂಡ. “ಬಡಿಯೂ ಕೈ ಬ್ಯಾರೆ, ಒತ್ತೂ ಯಂತ್ರ ಬ್ಯಾರೆ” ಎಂದು ನಾನು ಸ್ವಲ್ಪ ಜಂಬದಿಂದಲೇ ಹೇಳಿದೆ. ಇನ್ನೂ ಎರಡು ದಿನ ಬೇರೆ ಬೇರೆ ಹದದಲ್ಲಿ ಹಿಟ್ಟು ಕಲಸಿ ನೋಡೋಣ ಎಂದು ಲಿನ್ ಸಮಾಧಾನ ಮಾಡಿದಳು.

ಮಧ್ಯಾಹ್ನ ಒಂದು ಹೋಟೆಲಿಗೆ ಕರೆದೊಯ್ದಳು. ಅಲ್ಲಿ ಜನ ಕೂತ ಕೂಡಲೇ ತಮ್ಮ ತಮ್ಮ ಬಟ್ಟಲು, ಉಣ್ಣುವ ಕಡ್ಡಿಗಳನ್ನು ಬಿಸಿ ಚಹಾದಲ್ಲಿ ಜಾಲಾಡಿ, ಆ ನೀರನ್ನು ಒಂದು ಬೋಗುಣಿಗೆ ಚೆಲ್ಲಿ ಆಮೇಲೆ ಊಟಕ್ಕೆ ತೊಡಗಿದರು. ತೊಳೆದಿಟ್ಟ ಬಟ್ಟಲನ್ನು ಎಲ್ಲರೆದುರು ಮತ್ತೆ ತೊಳೆಯುವುದು! ನಮ್ಮೂರಲ್ಲಿ ಹಾಗೆ ಮಾಡಿದರೆ ಖಾನಾವಳಿಯವನು ಜಗಳಕ್ಕೆ ಬರುತ್ತಾನೆ. ನನಗಂತೂ ಆ ಪದ್ಧತಿ ಬಹಳ ಹಿಡಿಸಿತು. ಎರಡು ಸಲ ಜಾಲಾಡಿದೆ.

ವಾಪಸ್ಸು ಬರುವಾಗ ಸಂತೆ. ಸೊಪ್ಪಿನ ರಾಶಿ ನೋಡಿ ಕಣ್ಣು ತಂಪಾಯಿತು. ಪಕ್ಕದ ಸಾಲಿನಲ್ಲಿ ಬಾತುಕೋಳಿಗಳು ಕುತ್ತಿಗೆಸಮೇತ ನೇತಾಡುತ್ತಿದ್ದವು, ಕೆಂಪಗೆ ಮಿರಮಿರ. ನಾನು ಸೆರಗು ಮೂಗಿಗೆ ಹಿಡಿದೆ. ಲಿನ್ ಕಂಡೂ ಕಾಣದಂತೆ ನಮ್ಮನ್ನು ಬೇರೆ ದಾರಿಯಲ್ಲಿ ಕರೆದುಕೊಂಡು ಹೋದಳು. ಅಂದು ರಾತ್ರಿ ಆ ಕಪ್ಪು ಬಾಣಲೆ ನೋಡಿದರೆ ನನಗೆ ಆ ಬಾತುಕೋಳಿಗಳೇ ಕಾಣುತ್ತಿದ್ದವು.

ಮೂರನೇ ದಿನ, ಅಡುಗೆಮನೆ

ಯಜಮಾನರು, ಲಿನ್ ಕಾರ್ಖಾನೆಗೆ ಹೋದರು. ನನ್ನ ಕಾಲು ಬಾತಿತ್ತು, ಮನೆಯಲ್ಲೇ ಉಳಿದೆ. ಅವ್ವ ಸಂತೆಚೀಲ ಹಿಡಿದು, ಬೇಗ ಬರುತ್ತೇನೆಂದು ಕೈಸನ್ನೆ ಮಾಡಿ ಹೊರಟಳು. ಮನೆಯಲ್ಲಿ ನಾನು ಮತ್ತು ಆ ಬಾಣಲೆ.

ನನ್ನ ಲೆಕ್ಕ ಏನೆಂದು ಸತ್ಯವಾಗಿ ಹೇಳಿಬಿಡುತ್ತೇನೆ. ಅವರಿಗೆ ಒಗ್ಗರಣೆ ಮಂಡಕ್ಕಿ ಮಾಡಿ ತಿನ್ನಿಸಬೇಕು ಎಂಬ ಆಸೆಯೂ ಇತ್ತು, ಸುಳ್ಳಲ್ಲ. ಆದರೆ ಅದು ನೆಪ. ಬಾಣಲೆಯನ್ನು ಒಮ್ಮೆ ನನ್ನ ಕೈಯಾರೆ ಶುದ್ಧ ಮಾಡಿಬಿಟ್ಟರೆ ಉಳಿದ ಎರಡು ದಿನವಾದರೂ ಹೇಸಿಗೆಯಿಲ್ಲದೆ ಉಣ್ಣಬಹುದು ಎಂಬುದು ಒಳಗಿನ ಮಾತು.

ಸಿಂಕಿನ ಕೆಳಗೆ ಉಕ್ಕಿನ ತಂತಿಯ ಜುಂಗು ಸಿಕ್ಕಿತು. ಹುಣಸೆಹಣ್ಣು ನೆನೆಸಿದೆ, ಉಪ್ಪು ಬೆರೆಸಿದೆ. ಹಬ್ಬಕ್ಕೆ ಹಿತ್ತಾಳೆ ಕೊಡ ಬೆಳಗುವ ಹಾಗೆ ಸೀರೆ ಎತ್ತಿಕಟ್ಟಿ ನಿಂತೆ. ಮೊದಲು ಏನೂ ಆಗಲಿಲ್ಲ. ಆಮೇಲೆ ಕಪ್ಪು ನೀರು ಇಳಿಯತೊಡಗಿತು. ಇಳಿದಷ್ಟೂ ನನಗೆ ಹುರುಪು. ಒಂದು ತಾಸು ತಿಕ್ಕಿರಬೇಕು. ಉಗುರು ಸವೆಯಿತು, ರಟ್ಟೆ ಬಿದ್ದುಹೋಯಿತು. ಕೊನೆಗೆ ಬಾಣಲೆ ಬೆಳ್ಳಗೆ, ಈಗಷ್ಟೇ ಅಂಗಡಿಯಿಂದ ತಂದಂತೆ ಹೊಳೆಯಿತು.

ಇಲ್ಲಿ ಒಂದು ಮಾತು ಮುಚ್ಚಿಡಬಾರದು. ಕಬ್ಬಿಣಕ್ಕೆ ಹೀಗೆ ಮಾಡಬಾರದು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಮನೆಯ ದೋಸೆ ಹಂಚಿಗೆ ನಾನು ಸೋಪು ಮುಟ್ಟಿಸುವುದಿಲ್ಲ. ಅರ್ಧ ಉಳ್ಳಾಗಡ್ಡಿಯಿಂದ ಎಣ್ಣೆ ಸವರಿ ಇಡುತ್ತೇನೆ. ಹೊಸದಾಗಿ ಬಂದ ಸೊಸೆ ಒಂದು ಸಲ ಅದನ್ನು ತಿಕ್ಕಿ ತೊಳೆದಿದ್ದಕ್ಕೆ ಮೂರು ದಿನ ಮಾತು ಬಿಟ್ಟಿದ್ದೆ. “ಹಂಚು ಪಳಗಾಕ ಎಷ್ಟು ವರ್ಷ ಬೇಕು ಗೊತ್ತೈತೇನ?” ಎಂದು ಕೂಗಾಡಿದ್ದೆ. ಗೊತ್ತಿಲ್ಲದೆ ಮಾಡಿದ ಸೊಸೆಗೆ ಅಷ್ಟು ಬೈದವಳು, ಗೊತ್ತಿದ್ದೂ ಮಾಡಿದೆ. ನಮ್ಮ ಹಂಚಿನ ಕಪ್ಪು ನನಗೆ ಪಳಗಿದ್ದು, ಅವರ ಬಾಣಲೆಯ ಕಪ್ಪು ಹೊಲಸು.

ಒಗ್ಗರಣೆ ಹಾಕಿದೆ. ಬರಿಗಬ್ಬಿಣಕ್ಕೆ ಉಳ್ಳಾಗಡ್ಡಿ ಕಚ್ಚಿಕೊಂಡು ಸೀದಿತು, ಮಂಡಕ್ಕಿ ಬೂದಿಬಣ್ಣಕ್ಕೆ ತಿರುಗಿತು.

ಅವ್ವ ಬಂದಳು. ಚೀಲ ಕೆಳಗಿಟ್ಟಳು. ಬಾಣಲೆ ನೋಡಿ ಅಲ್ಲೇ ನಿಂತಳು. ಹತ್ತಿರ ಬಂದು ಬೆರಳಿನಿಂದ ಅಂಚನ್ನು ಒಮ್ಮೆ ಸವರಿದಳು. ಆಕೆಯ ಮುಖದಲ್ಲಿ ಸಿಟ್ಟು ಬಂದಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಬರಲಿಲ್ಲ. ಮೊಬೈಲು ತೆಗೆದು ಏನೋ ಹೇಳಿದಳು. ಅದು ಕನ್ನಡದಲ್ಲಿ ಓದಿತು: “ನಿಮ್ಮ ಕೈಗಳು ನೋಯುತ್ತಿರಬೇಕು. ನೀವು ಏಕೆ ಇಷ್ಟು ಶ್ರಮ ಪಟ್ಟಿರಿ?”

ಆಗ ನನ್ನ ಬಾಯಿಂದ ಹೊರಬಿದ್ದ ಸುಳ್ಳು ಇಂದಿಗೂ ನನ್ನನ್ನು ಸುಡುತ್ತದೆ. “ನಮ್ಮ ಕಡೆ ಪದ್ಧತಿ ಐತ್ರಿ. ಯಾರ ಮನಿಗೆ ಹೋಗ್ತೀವೋ ಆ ಮನೀದು ಒಂದು ಪಾತ್ರಿ ಬೆಳಗಿ ಕೊಡಬೇಕು. ಆ ಮನಿಗೆ ಒಳ್ಳೇದಾಗತೈತಿ” ಎಂದೆ.

ಕೊಟ್ಟೂರಿನಲ್ಲಾಗಲಿ ಹಡಗಲಿಯಲ್ಲಾಗಲಿ ಅಂಥ ಪದ್ಧತಿ ಇಲ್ಲ. ನಮ್ಮಲ್ಲಿ ಬೀಗರ ಮನೆಗೆ ಹೋದವರು ಉಂಡ ತಟ್ಟೆಯನ್ನೂ ಎತ್ತುವುದಿಲ್ಲ. ಅವ್ವ ಮೊಬೈಲು ಕೇಳಿಸಿಕೊಂಡಳು. ಕಣ್ಣಲ್ಲಿ ನೀರಾಡಿತು. ನನ್ನ ಎರಡೂ ಕೈ ಹಿಡಿದು ಬಿಸಿನೀರಿನಲ್ಲಿ ಅದ್ದಿಸಿ, ಏನೋ ಮುಲಾಮು ಹಚ್ಚಿದಳು. ಆ ಸೀದ ಮಂಡಕ್ಕಿಯನ್ನು ಒಂದು ಕಾಳೂ ಬಿಡದೆ ತಿಂದಳು.

ಅದೇ ಸಂಜೆ

ಲಿನ್ ಬಂದಾಗ ತಾಯಿ ಮಗಳ ನಡುವೆ ಅಡುಗೆಮನೆಯಲ್ಲಿ ಸಣ್ಣ ದನಿಯಲ್ಲಿ ಮಾತಾಯಿತು. ತಾಯಿ ಬೇಡ ಬೇಡ ಎಂದು ಕೈಯಾಡಿಸುತ್ತಿದ್ದಳು. ಹೊರಬಂದ ಲಿನ್‌ಳ ಮುಖ ಪೆಚ್ಚಾಗಿತ್ತು. ಯಜಮಾನರು ಬಿಡಬೇಕಲ್ಲ, ಏನಾಯಿತು ಎಂದು ಕೇಳಿಯೇ ಕೇಳಿದರು. ಆಕೆ ಹಿಂದೆಮುಂದೆ ನೋಡಿ, ನಾನು ಹೇಳಿದ ಪಾತ್ರೆ ಬೆಳಗುವ ಪದ್ಧತಿಯಿಂದಲೇ ಶುರುಮಾಡಿ ಮೊಬೈಲಿಗೆ ಹೇಳಿದಳು.

ಆ ಬಾಣಲೆ ಅವರದಲ್ಲ. ಆರನೇ ಮಹಡಿಯ ಚೆನ್ ಅಜ್ಜಿಯದು. ಚೆನ್ ಅಜ್ಜಿ ಬುದ್ಧನಿಗೆ ನಡೆದುಕೊಳ್ಳುವಾಕೆ, ಮಾಂಸ, ಮೀನು, ಮೊಟ್ಟೆ ಏನೂ ಮುಟ್ಟುವುದಿಲ್ಲ. ಮೂವತ್ತು ವರ್ಷದಿಂದ ಆ ಬಾಣಲೆಯಲ್ಲಿ ಸೊಪ್ಪು ತರಕಾರಿ ಬಿಟ್ಟು ಬೇರೆ ಬೆಂದಿಲ್ಲ. ಮಾಂಸ ಬೇಯಿಸಿದ ಪಾತ್ರೆಯಲ್ಲಿ ಮಾಡಿದ್ದನ್ನು ನನ್ನ ಹೆಂಡತಿ ಮುಟ್ಟುವುದಿಲ್ಲ ಎಂದು ಯಜಮಾನರು ಎಂದೋ ಹೇಳಿದ್ದರಂತೆ. ಅದಕ್ಕೇ ಅವ್ವ ಕೆಳಗೆ ಹೋಗಿ ಕೇಳಿ ತಂದಿದ್ದಳು. ತಮ್ಮ ಬಾಣಲೆಯನ್ನು ಪತ್ರಿಕೆಯಲ್ಲಿ ಸುತ್ತಿ ಬಾಲ್ಕನಿಯಲ್ಲಿಟ್ಟಿದ್ದಳು. ನಾವು ಬಂದ ದಿನದಿಂದ ಆ ಮನೆಯಲ್ಲಿ ಯಾರೂ ಮಾಂಸ ಬೇಯಿಸಿರಲಿಲ್ಲ.

ಯಜಮಾನರು ನನ್ನ ಕಡೆ ತಿರುಗಿದರು. “ಪಾತ್ರಿ ಬೆಳಗೂ ಪದ್ಧತಿ ಯಾವ ಊರಾಗ ಐತಲೇ?” ಎಂದು ಮೆಲ್ಲಗೆ ಕೇಳಿದರು.

“ಸುಮ್ಮಕಿರ್ರಿ” ಎಂದೆ.

“ಇದ್ದದ್ದು ಹೇಳಿಬಿಡು. ತೆಪ್ಪಾತು ಅನ್ನು.”

“ನಿಮ್ಮ ಪಾತ್ರಿ ಹೊಲಸಂತ ತಿಕ್ಕೀನಿ ಅಂತ ಹೆಂಗ ಹೇಳಲ್ರಿ? ಕೈಯಾಗ ಮುಲಾಮ ಹಚ್ಯಾಳ ಆಕಿ.”

ಆ ರಾತ್ರಿ ಮೊದಲ ಸಲ ನಾನು ಅವ್ವ ಮಾಡಿದ ಪಲ್ಯ ಹೊಟ್ಟೆತುಂಬ ಉಂಡೆ. ಅದು ಬೇರೊಂದು ಸಣ್ಣ ಪಾತ್ರೆಯಲ್ಲಿ ಮಾಡಿದ್ದು. ಅಷ್ಟು ರುಚಿಯಿರಲಿಲ್ಲ.

ಆರನೇ ಮಹಡಿ

ನಾಲ್ಕನೇ ದಿನ ಬಾಣಲೆ ವಾಪಸ್ಸು ಕೊಡಲು ನಾನೇ ಬರುತ್ತೇನೆ ಎಂದು ಹಠ ಹಿಡಿದೆ. ಅಜ್ಜಿಯೆದುರಾದರೂ ನಿಜ ಹೇಳಿಬಿಡಬೇಕು ಎಂದು ಬೆಳಗ್ಗೆ ಲಿಂಗಪೂಜೆಗೆ ಕೂತಾಗಲೇ ಗಟ್ಟಿ ಮಾಡಿಕೊಂಡಿದ್ದೆ. ಒಂದೇ ರಾತ್ರಿಯಲ್ಲಿ ಬಾಣಲೆಯ ತುಂಬ ತುಕ್ಕು ಹಿಡಿದಿತ್ತು.

ಚೆನ್ ಅಜ್ಜಿ ಎಂಬತ್ತರ ಹತ್ತಿರದ ಸಣಕಲು ಜೀವ. ಬಾಗಿಲು ತೆರೆದವಳೇ ಬಾಣಲೆಯನ್ನು ನೋಡಿದಳು. ಅವ್ವ ನನ್ನನ್ನು ಮುಂದೆ ತಳ್ಳಿ ಉತ್ಸಾಹದಿಂದ ಕಥೆ ಹೇಳಿದಳು. ಅಜ್ಜಿ ಬಾಣಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಆಕೆಯ ಬೆರಳುಗಳು ತಳವನ್ನು ಬಹಳ ಹೊತ್ತು ಸವರಿದವು.

ನಾನು ಮೊಬೈಲು ಹಿಡಿದೆ. “ಅಜ್ಜಿ, ನಂದು ತೆಪ್ಪಾತು” ಎಂದೆ. ಅಷ್ಟರಲ್ಲಿ ಅಜ್ಜಿ ಮಾತಾಡಿದಳು, ಮೊಬೈಲು ಅದನ್ನು ಓದಿತು.

“ತಪ್ಪು ಎನ್ನಬೇಡಿ. ಈ ಬಾಣಲೆಯನ್ನು ಮೂವತ್ತು ವರ್ಷ ನಾನೊಬ್ಬಳೇ ತೊಳೆದಿದ್ದೇನೆ. ನನಗಾಗಿ ಇನ್ನೊಬ್ಬರು ತೊಳೆದದ್ದು ಇದೇ ಮೊದಲು. ನಿಮ್ಮ ಊರಿನ ಪದ್ಧತಿ ತುಂಬಾ ಒಳ್ಳೆಯದು.”

ಆಮೇಲೆ ಬಾಣಲೆಯನ್ನು ನನ್ನ ಕೈಗೇ ಕೊಟ್ಟಳು. ಇದನ್ನು ಮತ್ತೆ ಪಳಗಿಸುವಷ್ಟು ವರ್ಷ ನನ್ನಲ್ಲಿ ಉಳಿದಿಲ್ಲ, ನಿಮ್ಮ ಮನೆಯಲ್ಲಿ ಮಾಂಸ ಬೇಯುವುದಿಲ್ಲವಂತೆ, ನೀವೇ ಒಯ್ಯಿರಿ, ನಾನು ಒಬ್ಬಳು, ಸಣ್ಣದೊಂದು ಸಾಕು ಎಂದಳು.

ಹೇಳಬಹುದಿತ್ತು. ಮೊಬೈಲು ಕೈಯಲ್ಲೇ ಇತ್ತು, ಮಾತು ಹಿಡಿಯುವ ಕೆಂಪು ಗುಂಡಿ ಒತ್ತಿದರೆ ಸಾಕಿತ್ತು. ನಾನು ಬಗ್ಗಿ ಆಕೆಯ ಪಾದ ಮುಟ್ಟಿದೆ. ಅಜ್ಜಿ ಗಾಬರಿಯಾಗಿ ಕಾಲು ಹಿಂದಕ್ಕೆಳೆದುಕೊಂಡಳು. ಪಾದ ಮುಟ್ಟಿದರೆ ಬಾಯಿಬಿಟ್ಟು ಹೇಳುವುದು ತಪ್ಪುತ್ತದಲ್ಲ, ಅದಕ್ಕೇ ಮುಟ್ಟಿದ್ದು ಎಂದು ನನಗೆ ಆಗಲೇ ಗೊತ್ತಿತ್ತು.

ವಿಮಾನ ನಿಲ್ದಾಣ

ಯಂತ್ರ ಕೊಳ್ಳಲಿಲ್ಲ. ಜೋಳದ ಮುಂದೆ ಅದು ಕೊನೆಗೂ ಸೋತಿತು. ಬಾಣಲೆಯನ್ನು ಸೀರೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದ್ದೆ. ಬೆಂಗಳೂರಿನಲ್ಲಿ ಇಳಿದಾಗ ಅಧಿಕಾರಿಯೊಬ್ಬ ಚೀಲ ಬಿಚ್ಚಿಸಿದ.

“ಏನಮ್ಮಾ, ಚೀನಾದಿಂದ ಎಲ್ರೂ ಫೋನ್ ತರ್ತಾರೆ, ನೀವು ತುಕ್ಕು ಹಿಡಿದ ಬಾಣಲೆ ತಂದಿದೀರಲ್ಲ?”

“ಆಕಿ ಅಲ್ಲಿ ಸಂಪಾದಿಸಿದ್ದು ಅಷ್ಟ ನೋಡ್ರಿ” ಎಂದರು ಯಜಮಾನರು. ಅಧಿಕಾರಿ ನಕ್ಕ. ನನಗೆ ನಗಲಾಗಲಿಲ್ಲ.

ಕೊಟ್ಟೂರು

ಗ್ಯಾಸಿನ ಒಲೆಯ ಮೇಲೆ ಆ ಗುಂಡು ತಳ ನಿಲ್ಲುವುದಿಲ್ಲ, ಓಲಾಡುತ್ತದೆ. ಶೆಡ್ಡಿನ ಕಟ್ಟಿಗೆ ಒಲೆಗೆ ಮಾತ್ರ ಹೇಳಿಮಾಡಿಸಿದಂತೆ ಕೂತಿತು. ತುಕ್ಕು ತೆಗೆದು ಶೇಂಗಾ ಎಣ್ಣೆ ಸವರಿ ಕಾಯಿಸುವುದು, ಆರಿಸುವುದು, ಮತ್ತೆ ಸವರುವುದು. ಹದಿನೈದು ದಿನಕ್ಕೆ ಕಂದು ಬಣ್ಣ ಬಂತು. ಅವ್ವನ ಹಾಗೆ ದೊಡ್ಡ ಉರಿಯಲ್ಲಿ ಶುಂಠಿ ಹಾಕಿ ಎಲೆಕೋಸು ಹುರಿದೆ. ಮೊದಲು ಹತ್ತಿಕೊಂಡಿತು, ದಿನ ಕಳೆದಂತೆ ಜಾರತೊಡಗಿತು. ಈಗ ಬೀನ್ಸು, ಮೆಂತ್ಯೆಸೊಪ್ಪು, ಮಂಡಕ್ಕಿ ಎಲ್ಲ ಅದರಲ್ಲೇ.

ಒಂದು ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದ ಹೆಂಗಸರು ಬಾಣಲೆಯ ಕಥೆ ಕೇಳಿದರು. ನಾನು ಹೇಳಿದೆ. ಹೇಗೆ ಹೇಳಿದೆ ಎಂದರೆ, ನಗುವ ಹಾಗೆ. ಚಪ್ಪಲಿಯಲ್ಲಿ ಹಿಡಿಸದ ಯಜಮಾನರ ಪಾದ, ಸೀರೆ ಎತ್ತಿಕಟ್ಟಿ ತಿಕ್ಕಿದ ನಾನು, ಪಾತ್ರೆ ಬೆಳಗುವ ಪದ್ಧತಿ, ಅದನ್ನು ನಂಬಿ ಕಣ್ಣೀರು ಹಾಕಿದ ಅವ್ವ. ಹೆಂಗಸರು ರೊಟ್ಟಿ ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ.

ಒಲೆಯ ಮುಂದೆ ಕೂತ ದುರುಗವ್ವ ನಗಲಿಲ್ಲ. ಒಂಬತ್ತು ವರ್ಷದಿಂದ ನಮ್ಮಲ್ಲಿ ರೊಟ್ಟಿ ಬೇಯಿಸುತ್ತಾಳೆ, ಊರ ಹೊರಗಿನ ಕೇರಿಯವಳು. ಆಕೆ ಬೇಯಿಸಿದ ರೊಟ್ಟಿ ಐದು ತಾಲೂಕು ತಿನ್ನುತ್ತದೆ. ಚಹಾ ಕುಡಿಯಲು ಆಕೆಗೆ ಒಂದು ಸ್ಟೀಲಿನ ಲೋಟ ಇದೆ, ಕಿಟಕಿಯ ಮೇಲೆ ಬೇರೆಯಾಗಿ.

ರೊಟ್ಟಿ ಮಗುಚುತ್ತ, ನನ್ನ ಕಡೆ ನೋಡದೆ ಹೇಳಿದಳು: “ನನ್ನ ಲೋಟಾನೂ ನೀವು ಹಂಗ ತಿಕ್ಕತೀರಲ್ರಿ ಅಕ್ಕಾರ. ನಾ ತೊಳದಿಟ್ಟ ಮ್ಯಾಲೆ.”

ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ನೋಡಿದ್ದನ್ನು ನೋಡಿದ ಹಾಗೆ ಹೇಳಿದಳು, ಅಷ್ಟೆ. ನನ್ನ ಬಾಯಿಗೆ ಆಗಲೂ ಸುಳ್ಳೇ ಮೊದಲು ಬಂತು: ಧೂಳು ಕೂತಿರತೈತಿ ಅಂತ ತಿಕ್ಕತೀನಿ ಎಂದು. ಅದನ್ನು ನುಂಗಿದೆ. ನಡುವೆ ಮೊಬೈಲಿರಲಿಲ್ಲ. ಆಕೆಗೆ ನನ್ನ ಕನ್ನಡ ಪೂರಾ ಗೊತ್ತು.

“ಹೌದು ದುರುಗವ್ವ” ಎಂದೆ. “ಹೇಸಿಗಿ ಪಟ್ಟು ತಿಕ್ಕೀನಿ. ಧೂಳಿಗಲ್ಲ.”

“ಗೊತ್ತೈತ್ರಿ” ಎಂದಳು ಆಕೆ. “ಒಂಬತ್ತು ವರ್ಷ ಆತು.”